ಚಕ್ರಾಂತರ

ಗಾಡಿಯ ಎಡಬಲ ಚಕ್ರಗಳ ನಡುವಣ ಅಂತರವನ್ನು ಅಳೆಯುವುದು ಬಾಲಕನೂ ಮಾಡಬಹುದಾದ ಕಾರ್ಯವೆಂದು ನಾವು ಭಾವಿಸಿದ್ದೆವು. ಆ ಭಾವನೆಯು ಕಳೆದ ತಿಂಗಳು ನಮ್ಮ ಅಳಿಯಂದಿರ ಮನೆಯ ಅಂಗಳದಲ್ಲಿ ಕರಗಿಹೋಯಿತು.

ಅವರಲ್ಲಿ ತಂದೆಯವರು ಬಿಟ್ಟುಹೋದ ಎಂಜಿಬಿ ಎಂಬ ಎರಡಾಸನದ ಮೋಟಾರು ಗಾಡಿಯಿದೆ. ಇಂಗ್ಲೆಂಡಿನ ಆಬಿಂಗ್ಡನ್ ಊರಿನಲ್ಲಿ 1962 ರಿಂದ 1980 ರ ವರೆಗೆ ತಯಾರಾದ ಜಾತಿಯದು. ಮುಂದಿನ ಚಕ್ರಾಂತರ 49 ಅಂಗುಲ, ಹಿಂದಿನದು 49¼ ಅಂಗುಲವೆಂದು ಕೈಪಿಡಿಯಲ್ಲಿದೆ. ದುರಸ್ತಿಯವನೊಬ್ಬನು ಬಂದು, ಗಾಡಿಯನ್ನು ಜಾಕಿಯಿಂದೆತ್ತಿ ಪರೀಕ್ಷಿಸಿ, ಇಳಿಸಿದೊಡನೆ ಅಳೆದು, “ಮುಂದೆ ಮುಕ್ಕಾಲು ಅಂಗುಲ ಕಡಮೆ. ತೋಳುಗಳು ಬಗ್ಗಿವೆ. ಇಂಗ್ಲೆಂಡಿನಿಂದಲೇ ತರಿಸಬೇಕು” ಎಂದು ಹೇಳಿ ಹೊರಟುಹೋದನು.

“ಮಕ್ಕಳ ಶಾಲೆಗೆ ಹಣ ಕಟ್ಟುವ ತಿಂಗಳಿದು, ಅಪ್ಪಾ. ಮಾರಿಬಿಡುವುದೇ ಲೇಸು” ಎಂದಳು ಮಗಳು. ಅಳಿಯಂದಿರು ಸ್ಟಿಯರಿಂಗ್ ಚಕ್ರವನ್ನೊಮ್ಮೆ ಮುಟ್ಟಿ ಸುಮ್ಮನಾದರು.

ನಾವು ಟೇಪು ಹಿಡಿದು ಒಂದು ಟೈರಿನ ಹೊರ ಅಂಚಿನಿಂದ ಇನ್ನೊಂದರ ಹೊರ ಅಂಚಿಗೆ ಅಳೆದೆವು. “ಮಾವನವರೇ, ಇದರಲ್ಲಿ ಒಂದು ಟೈರಿನ ಅಗಲ ಹೆಚ್ಚಾಗಿ ಸೇರಿತು” ಎಂದು ಅಳಿಯಂದಿರು ನಕ್ಕರು. ಅಳೆಯಬೇಕಾದದ್ದು ನಡುವಿನಿಂದ ನಡುವಿಗೆ. ಆದರೆ ಟೈರಿನ ನಡು ಕಣ್ಣಿಗೆ ಸ್ಪಷ್ಟವಾಗಿ ಕಾಣದು. ಆದಕಾರಣ ಎಡಟೈರಿನ ಹೊರ ಅಂಚಿನಿಂದ ಬಲಟೈರಿನ ಒಳ ಅಂಚಿಗೆ ಅಳೆಯತಕ್ಕದ್ದು. ಒಂದು ಕಡೆ ಸೇರಿದ ಅರ್ಧ ಟೈರು ಇನ್ನೊಂದು ಕಡೆ ಕಳೆದುಹೋಗುತ್ತದೆ. ಮುಂದಿನ ಚಕ್ರಗಳ ಮೂತಿ ತುಸು ಒಳಮುಖವಾಗಿರುವುದರಿಂದ, ಟೈರಿನ ಮುಂದೊಮ್ಮೆ ಹಿಂದೊಮ್ಮೆ ಅಳೆದು, ಎರಡನ್ನೂ ಕೂಡಿಸಿ ಅರ್ಧಮಾಡಬೇಕು. ನಾವು ತೂಗುಗುಂಡನ್ನು ಇಳಿಬಿಟ್ಟು, ನೆಲದ ಮೇಲೆ ಸೀಮೆಸುಣ್ಣದಿಂದ ಗುರುತು ಹಾಕಿದೆವು.

ಹಿಂದಿನ ಲೆಕ್ಕ ಸರಿಹೋಯಿತು. ಮುಂದೆ ಮಾತ್ರ ಅದೇ ಮುಕ್ಕಾಲು ಅಂಗುಲದ ಕೊರತೆ! ಬೌಧಾಯನ ಶುಲ್ಬಸೂತ್ರದಲ್ಲಿ ರಥದ ಅಚ್ಚಿಗೆ 104 ಅಂಗುಲವೆಂದು ಹೇಳಿದೆ. ಆ ಅಂಗುಲವೇ ಬೇರೆ, ಇರಲಿ. ಮರದ ಅಚ್ಚು ರಥವನ್ನೆತ್ತಿ ಇಳಿಸಿದ ಮಾತ್ರಕ್ಕೆ ಕುಗ್ಗುವುದಿಲ್ಲ. “ಇಲ್ಲಿ ಅಚ್ಚು ಎಲ್ಲಿದೆ?” ಎಂದು ಕೇಳಿದೆವು.

“ಹಿಂದೆ ಒಂದೇ ಗಟ್ಟಿ ಅಚ್ಚು. ಮುಂದೆ ಒಂದೊಂದು ಚಕ್ರಕ್ಕೂ ಬೇರೆ ತೋಳು, ಬೇರೆ ಸ್ಪ್ರಿಂಗು...” ಎನ್ನುತ್ತಿದ್ದ ಅಳಿಯಂದಿರು ತಟ್ಟನೆ ಎದ್ದು ನಿಂತರು. ಗಾಡಿಯನ್ನೆತ್ತಿದಾಗ ಆ ಚಕ್ರಗಳು ಜೋತು ಒಳಕ್ಕೆ ಸರಿಯುತ್ತವೆ. ಇಳಿಸಿದ ಮೇಲೆ ನೆಲವನ್ನು ಕಚ್ಚಿಕೊಂಡ ಟೈರು ಹೊರಕ್ಕೆ ಜಾರಲೊಲ್ಲದು.

ಇಬ್ಬರೂ ಸೇರಿ ಗಾಡಿಯನ್ನು ಬಾಗಿಲವರೆಗೆ ಎರಡು ಸಾರಿ ತಳ್ಳಿ ತಂದೆವು. ಮೂತಿಯನ್ನು ಒತ್ತಿ ಒತ್ತಿ ಬಿಟ್ಟೆವು. ಮತ್ತೆ ಅಳೆದರೆ 49 ಅಂಗುಲ!

ಅಂಗಳ ತೊಳೆಯಲು ನೀರು ತಂದಿದ್ದ ಮಗಳು ಗಂಡನ ಮುಖವನ್ನು ನೋಡಿ, ಬಿಂದಿಗೆಯನ್ನು ಕೆಳಗಿಟ್ಟಳು. ಮಾರುವ ಮಾತು ಮತ್ತೆ ಏಳಲಿಲ್ಲ.

ಆ ರಾತ್ರಿ ನಮಗೆ ಬೇಗ ನಿದ್ರೆ ಹತ್ತಲಿಲ್ಲ. ನಾವೂ ಬಹುಕಾಲ ಬಾಲಕರನ್ನು ಅಳೆದವರೇ. ಗದರಿಸಿ ಎಬ್ಬಿಸಿ ನಿಲ್ಲಿಸಿ, ಅವರು ಸುಧಾರಿಸಿಕೊಳ್ಳುವ ಮೊದಲೇ ಪ್ರಶ್ನೆ ಕೇಳಿ, ಕಡಮೆಯೆಂದು ಬರೆದ ಅಂಕಗಳೆಷ್ಟೋ!