ದಡಕ್ಕೆ ಮರಳುವ ದೋಣಿ

ಮಕ್ಕಳ ಆಟಿಕೆಯ ವಿಚಾರಕ್ಕೆ ಈ ಪತ್ರಿಕೆಯ ಪುಟಗಳೇಕೆ ಎಂದು ಶರಣ ಬಂಧುಗಳು ಕೇಳಬಹುದು. ಸಾವಿರಾರು ರೂಪಾಯಿ ಬೆಲೆಯ, ಬೆಂಕಿ ಹೊತ್ತಬಲ್ಲ ಬ್ಯಾಟರಿಯುಳ್ಳ, ಮಕ್ಕಳನ್ನು ನೀರಿನಂಚಿಗೆ ಸೆಳೆದೊಯ್ಯುವ ವಸ್ತುವೊಂದು ಮನೆಯ ಹೊಸ್ತಿಲು ದಾಟಿ ಒಳಬಂದ ಮೇಲೆ, ಅದು ಹಿರಿಯರೂ ವಿಚಾರಿಸಬೇಕಾದ ಸಂಗತಿಯೆಂದು ನಾವು ತಿಳಿದಿದ್ದೇವೆ. ರೇಡಿಯೋ ನಿಯಂತ್ರಿತ ವಿದ್ಯುತ್ ದೋಣಿ ಅಂತಹದೊಂದು ವಸ್ತು.

ಕುರುಬರಹಳ್ಳಿಯವರಾದ ನಮಗೆ ಮೋಟಾರು ಅಪರಿಚಿತವಲ್ಲ. ಹತ್ತಿರದಲ್ಲೇ ರಾಜಾಜಿನಗರದ ಕೈಗಾರಿಕಾ ಬಡಾವಣೆ. 1946ರಲ್ಲಿ ಆರಂಭವಾದ ಕಿರ್ಲೋಸ್ಕರ್ ಎಲೆಕ್ಟ್ರಿಕ್ ಕಂಪನಿಯ ಕಾರ್ಖಾನೆಯೂ ಒಂದು ಕಾಲಕ್ಕೆ, ಇಂದು ಒರಾಯನ್ ಮಾಲ್ ಇರುವ ನೆಲದಲ್ಲಿತ್ತು. ಮೋಟಾರ್ ವೈಂಡಿಂಗ್ ಅಂಗಡಿಗಳ ವಾರ್ನಿಷ್ ವಾಸನೆ ಈ ಭಾಗದ ಹಳೆಯ ನಿವಾಸಿಗಳಿಗೆಲ್ಲ ಪರಿಚಿತ. ಆ ಕೆಲಸದಲ್ಲೇ ಆಯುಷ್ಯದ ಬಹುಭಾಗವನ್ನು ಕಳೆದ ನಾವು, ಸುಟ್ಟ ಮೋಟಾರುಗಳಲ್ಲಿ ಹೆಚ್ಚಾಗಿ ಕಂಡುದು ಒಂದೇ ಕಾರಣ: ಹೊರಲಾರದ ಭಾರ.

ಪದವಿಪೂರ್ವ ತರಗತಿಯಲ್ಲಿ ಓದುವ ನಮ್ಮ ಮೊಮ್ಮಗನು ಹಬ್ಬಹರಿದಿನಗಳಲ್ಲಿ ಬಂದ ಕಾಣಿಕೆಯನ್ನು ಕೂಡಿಟ್ಟು ದೋಣಿ ಕಟ್ಟಲು ಹೊರಟನು. “ತಾತ, ಎಲ್ಲಕ್ಕಿಂತ ಹೆಚ್ಚು ಕೆ.ವಿ. ಇರುವ ಮೋಟಾರನ್ನೇ ತರೋಣ” ಎಂಬುದು ಅವನ ಬೇಡಿಕೆ. “ಬ್ಯಾಟರಿ ಮನೆಯಲ್ಲಿ ಸಿಡಿದರೆ ಏನು ಗತಿ ಮಾವ?” ಎಂಬುದು ಸೊಸೆಯ ಅಂಜಿಕೆ. ಇಬ್ಬರ ಮಾತಿನಲ್ಲೂ ಹುರುಳಿತ್ತು. ನಾವು ಹುಡುಗನಿಗೆ ಹೇಳಿದ್ದು ಇಷ್ಟೆ: “ಮೋಟಾರು ಆಮೇಲೆ. ಮೊದಲು ದೋಣಿ ಎಷ್ಟುದ್ದ, ಯಾವ ನೀರಿನಲ್ಲಿ ಓಡಬೇಕು, ಅದನ್ನು ಹೇಳಪ್ಪ.”

ನಮ್ಮ ಊರುಗಳಲ್ಲಿ ಕೊಳವೆಬಾವಿಗೆ ಪಂಪು ಇಳಿಸುವ ಕ್ರಮವನ್ನು ನೆನೆಯಿರಿ. ಬಾವಿಯ ಆಳ, ನೀರಿನ ಇಳುವರಿಗಳನ್ನು ನೋಡಿದ ಬಳಿಕವೇ ಎಷ್ಟು ಎಚ್.ಪಿ. ಎಂದು ನಿಶ್ಚಯಿಸುತ್ತೇವೆ, ಮೋಟಾರಿಗೆ ತಕ್ಕ ಸ್ಟಾರ್ಟರನ್ನು ಕೊನೆಗೆ ಆರಿಸುತ್ತೇವೆ. ದೋಣಿಗೂ ಅದೇ ಕ್ರಮ. ಮೊದಲು ಒಡಲು, ಬಳಿಕ ಪ್ರೊಪೆಲ್ಲರ್, ಅನಂತರ ಬ್ಯಾಟರಿ ಮತ್ತು ಮೋಟಾರು, ಕಟ್ಟಕಡೆಗೆ ವೇಗ ನಿಯಂತ್ರಕ. ಅಂಗಡಿಗಳಲ್ಲಿ ಇದನ್ನೇ ಇ.ಎಸ್.ಸಿ. ಎನ್ನುತ್ತಾರೆ.

ಹಳೆಯ ಬಗೆಯ ಮೋಟಾರಿನಲ್ಲಿ ತಿರುಗುವ ಸುರುಳಿಗೆ ಇಂಗಾಲದ ಬ್ರಷ್ ಉಜ್ಜಿಕೊಂಡೇ ವಿದ್ಯುತ್ತು ಮುಟ್ಟಬೇಕು. ಸವೆತ, ಕಿಡಿ, ಶಾಖ ತಪ್ಪಿದ್ದಲ್ಲ. ಬ್ರಷ್‌ಲೆಸ್ ಮೋಟಾರಿನಲ್ಲಿ ಸುರುಳಿಗಳು ಸ್ಥಿರ, ತಿರುಗುವುದು ಅಯಸ್ಕಾಂತ. ಮೂರು ತಂತಿಗಳಿಗೆ ಸರದಿಯಂತೆ ವಿದ್ಯುತ್ತು ಹಾಯಿಸಿ ಅಯಸ್ಕಾಂತವನ್ನು ಸುತ್ತಿಸುವ ಹೊಣೆ ನಿಯಂತ್ರಕದ್ದು. ಇಂದು ಅನೇಕ ಮನೆಗಳಲ್ಲಿರುವ ಬಿ.ಎಲ್.ಡಿ.ಸಿ. ಫ್ಯಾನಿನ ಒಳಗಿರುವುದೂ ಇದೇ ತತ್ತ್ವ. ಹಳೆಯ ಫ್ಯಾನು 70–80 ವ್ಯಾಟ್ ಬಳಸುವಲ್ಲಿ ಇದು ಸುಮಾರು 30 ವ್ಯಾಟಿನಲ್ಲಿ ಗಾಳಿ ಬೀಸುತ್ತದೆ.

ಇನ್ನು ಕೆ.ವಿ. ಎಂಬ ಸಂಖ್ಯೆ. ಇದು ಕಿಲೋವೋಲ್ಟ್ ಅಲ್ಲ, ಶಕ್ತಿಯ ಅಳತೆಯೂ ಅಲ್ಲ. ಭಾರವಿಲ್ಲದಾಗ ಒಂದು ವೋಲ್ಟಿಗೆ ನಿಮಿಷಕ್ಕೆ ಎಷ್ಟು ಸುತ್ತು ಎಂಬುದನ್ನು ಅದು ಹೇಳುತ್ತದೆ. ಲಿಥಿಯಂ ಪಾಲಿಮರ್ ಬ್ಯಾಟರಿಯ ಒಂದು ಕೋಶಕ್ಕೆ 3.7 ವೋಲ್ಟಿನಂತೆ ಮೂರು ಕೋಶಕ್ಕೆ 11.1 ವೋಲ್ಟ್. 2000 ಕೆ.ವಿ. ಮೋಟಾರು ಅದರಲ್ಲಿ 22,200 ಸುತ್ತು ಸುತ್ತುತ್ತದೆ. ಅರವತ್ತು ಸೆಂಟಿಮೀಟರಿನ ದೋಣಿಗೆ ಇಷ್ಟು ಧಾರಾಳವಾಯಿತು. ಮೋಟಾರಿನ ಮೈಮೇಲಿನ 3660 ಎಂಬಂತಹ ಅಂಕಿಯು ಸಾಮಾನ್ಯವಾಗಿ 36 ಮಿ.ಮೀ. ವ್ಯಾಸ, 60 ಮಿ.ಮೀ. ಉದ್ದವನ್ನು ಸೂಚಿಸುತ್ತದೆ. ಭಾರ ಹೊರುವ ಸಾಮರ್ಥ್ಯವನ್ನು ಈ ಗಾತ್ರದಲ್ಲಿ ನೋಡಬೇಕೇ ಹೊರತು ಕೆ.ವಿ.ಯಲ್ಲಲ್ಲ. ಹೊರಕವಚವೇ ತಿರುಗುವ ಮೋಟಾರಿಗೆ ನೀರಿನ ತಂಪು ಒದಗಿಸುವುದು ಕಷ್ಟ. ಒಳಗಿನ ದಂಡ ಮಾತ್ರ ತಿರುಗುವ ಬಗೆಯು ದೋಣಿಗೆ ಅನುಕೂಲ.

ಬ್ಯಾಟರಿಯನ್ನು ಮೂರು ಕೋಶದಿಂದ ನಾಲ್ಕಕ್ಕೆ ಏರಿಸಿದರೆ ವೇಗ ಮೂರನೇ ಒಂದು ಪಾಲು ಹೆಚ್ಚುವುದೆಂದು ಮೊಮ್ಮಗನು ಹಿಗ್ಗಿದನು. ಆದರೆ ಪ್ರೊಪೆಲ್ಲರ್ ಬೇಡುವ ಶಕ್ತಿಯು ಸುತ್ತಿನ ಘನಕ್ಕೆ ಅನುಗುಣವಾಗಿ ಏರುತ್ತದೆ. ಮೂರು ನಾಲ್ಕಾದಾಗ ಶಕ್ತಿಯ ಬೇಡಿಕೆ ಲೆಕ್ಕದ ಪ್ರಕಾರ ಸುಮಾರು 2.4 ಪಟ್ಟು, 40 ಆಂಪಿಯರ್ ಎಳೆಯುತ್ತಿದ್ದ ದೋಣಿ ಸುಮಾರು 70 ಆಂಪಿಯರ್ ಎಳೆಯುತ್ತದೆ. ಪ್ರೊಪೆಲ್ಲರಿನ ವ್ಯಾಸದ ಪರಿಣಾಮ ಇನ್ನೂ ತೀವ್ರ. 40 ಮಿ.ಮೀ. ಬದಲು ಅದೇ ಆಕಾರದ 44 ಮಿ.ಮೀ. ಹಾಕಿ ಅದೇ ಸುತ್ತಿನಲ್ಲಿ ಓಡಿಸಿದರೆ ಶಕ್ತಿಯ ಬೇಡಿಕೆ ನೂರಕ್ಕೆ 60ರಷ್ಟು ಏರುತ್ತದೆ. ಕಣ್ಣಿಗೆ ಕಾಣುವುದು ನಾಲ್ಕೇ ಮಿಲಿಮೀಟರು. ಸುಡುವುದು ಇಡೀ ನಿಯಂತ್ರಕ. ಕಾಗದದ ಮೇಲೆ ಹುಡುಗನ ಕೈಯಲ್ಲೇ ಈ ಲೆಕ್ಕ ಮಾಡಿಸಿದಾಗ ನಾಲ್ಕನೆಯ ಕೋಶದ ಹಠವನ್ನು ಅವನೇ ಬಿಟ್ಟನು.

40 ಆಂಪಿಯರ್ ಎಂದರೂ ಕಡಿಮೆಯೇನಲ್ಲ, 11.1 ವೋಲ್ಟಿನಲ್ಲಿ ಅದು 444 ವ್ಯಾಟ್. ಮನೆಯ ಸಂಪಿನಿಂದ ಮೇಲಿನ ಟ್ಯಾಂಕಿಗೆ ನೀರೆತ್ತುವ ಅರ್ಧ ಎಚ್.ಪಿ. ಪಂಪಿಗಿಂತ ಹೆಚ್ಚಿನ ಶಕ್ತಿ ಆ ಪುಟ್ಟ ಒಡಲಿನಲ್ಲಿದೆ. ಆದುದರಿಂದಲೇ ಬ್ಯಾಟರಿ ಜೋಡಿಸಿದ ಬಳಿಕ ಪ್ರೊಪೆಲ್ಲರಿನ ಬಳಿ ಬೆರಳು ಒಯ್ಯಲಾಗದು.

ನಿಯಂತ್ರಕದ ಆಯ್ಕೆಯಲ್ಲಿ ಕೃಪಣತೆ ಸಲ್ಲದು. 40 ಆಂಪಿಯರಿನ ದೋಣಿಗೆ ಕನಿಷ್ಠ 60, ಸಾಧ್ಯವಾದರೆ 80 ಆಂಪಿಯರಿನದು ಇರಲಿ. ಪೊಟ್ಟಣದ ಮೇಲೆ ಎರಡು ಸಂಖ್ಯೆಗಳಿರುತ್ತವೆ; ದೊಡ್ಡದು ಕ್ಷಣಮಾತ್ರ ತಾಳುವಂತಹದು, ಚಿಕ್ಕದು ನಿರಂತರ ತಾಳುವಂತಹದು. ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ವಿಚಾರಿಸುವಾಗ ಚಿಕ್ಕದನ್ನೇ ಕೇಳಿರಿ. ವಿಮಾನಕ್ಕೆಂದು ಮಾಡಿದುದರಲ್ಲಿ ಸಾಮಾನ್ಯವಾಗಿ ಹಿಂಚಲನೆ ಇರುವುದಿಲ್ಲ, ನೀರಿನ ತಂಪಿನ ನಳಿಕೆಯೂ ಇರುವುದಿಲ್ಲ. ದೋಣಿಗೆಂದೇ ಮಾಡಿದುದರಲ್ಲಿ ಸಾಮಾನ್ಯವಾಗಿ ತಂಪಿನ ನಳಿಕೆ ಇರುತ್ತದೆ, ಹಿಂಚಲನೆ ಮಾತ್ರ ಎಲ್ಲದರಲ್ಲೂ ಇರುವುದಿಲ್ಲ. ಬ್ಯಾಟರಿಯಿಂದ ನಿಯಂತ್ರಕಕ್ಕೆ ಹೋಗುವ ತಂತಿಯನ್ನು ಉದ್ದ ಮಾಡಬಾರದು. ನಿಯಂತ್ರಕದ ಕೆಪಾಸಿಟರುಗಳಿಗೆ ಅದರಿಂದ ಪೆಟ್ಟು. ದೋಣಿ ಓಡುವಾಗ ಪಕ್ಕದ ರಂಧ್ರದಿಂದ ನೀರು ಚಿಮ್ಮುತ್ತಿದೆಯೇ ಎಂದು ನೋಡುತ್ತಿರಬೇಕು. ಚಿಮ್ಮದಿದ್ದರೆ ಕೂಡಲೇ ದಡಕ್ಕೆ ತರಬೇಕು.

ಇಷ್ಟೆಲ್ಲ ಎಚ್ಚರ ಏಕೆಂದರೆ, ಆಟಿಕೆಯ ಕಾರು ಕೆಟ್ಟರೆ ರಸ್ತೆಯಲ್ಲಿ ನಿಲ್ಲುತ್ತದೆ. ದೋಣಿ ಕೆಟ್ಟರೆ ನೀರಿನ ನಡುವೆ ನಿಲ್ಲುತ್ತದೆ. ಮಗುವಿನ ಕಣ್ಣೂ ಮನಸ್ಸೂ ಅಲ್ಲಿಯೇ. ನಮ್ಮ ಬಂಧುಗಳ ತೋಟಗಳಲ್ಲಿ ಈಗ ಪ್ಲಾಸ್ಟಿಕ್ ಹಾಸಿದ ಕೃಷಿ ಹೊಂಡಗಳಿವೆ. ಶಾಂತವಾಗಿ ಕಂಡರೂ ಅವುಗಳ ಅಂಚು ಜಾರುತ್ತದೆ. ಇಳಿದವರಿಗೆ ಹಿಡಿಯಲು ಏನೂ ದೊರೆಯದು. ನಗರದ ಕೆರೆಗಳಲ್ಲಾದರೆ ಜೊಂಡು ಪ್ರೊಪೆಲ್ಲರಿಗೆ ಸುತ್ತಿಕೊಂಡು ಮೋಟಾರನ್ನು ಬಿಗಿಹಿಡಿಯುತ್ತದೆ. ವಿದ್ಯುತ್ ಪ್ರವಾಹ ಥಟ್ಟನೆ ಏರುತ್ತದೆ. ನಿಂತ ದೋಣಿಗೆ ತಂಪಿನ ನೀರೂ ಹರಿಯದು. ಮೀಸಲು ಸಾಮರ್ಥ್ಯವಿಲ್ಲದ ನಿಯಂತ್ರಕ ಅಲ್ಲಿಯೇ ಸುಡುತ್ತದೆ. ಹೆಚ್ಚಿನ ಆಂಪಿಯರಿಗೆ ನಾವು ಕೊಡುವ ಹಣ ವೇಗಕ್ಕಲ್ಲ, ದೋಣಿಯ ಮರಳುವಿಕೆಗೆ.

ಅದೇ ಕಾರಣಕ್ಕೆ ಬ್ಯಾಟರಿಯನ್ನೂ ಬರಿದು ಮಾಡಬಾರದು. 5 ಆಂಪಿಯರ್-ಗಂಟೆಯ ಬ್ಯಾಟರಿಯಿಂದ ಸತತ 40 ಆಂಪಿಯರ್ ಎಳೆದರೆ ಏಳೂವರೆ ನಿಮಿಷಕ್ಕೆ ಮುಗಿಯುತ್ತದೆ. ಐದೇ ನಿಮಿಷಕ್ಕೆ ಗಡಿಯಾರವಿಟ್ಟು ಹಿಂದಕ್ಕೆ ಕರೆಯಿರಿ. ಕೋಶವೊಂದಕ್ಕೆ 3.3 ವೋಲ್ಟಿಗಿಂತ ಕೆಳಗಿಳಿಯದಂತೆ ನಿಯಂತ್ರಕದಲ್ಲಿ ಮಿತಿ ಇಡಬಹುದು. ಇಷ್ಟಾಗಿಯೂ ದೋಣಿ ನಿಂತರೆ ಗಾಳಿ ದಡಕ್ಕೆ ತರುವವರೆಗೆ ಕಾಯಬೇಕು, ಅಥವಾ ಹಗ್ಗಕ್ಕೆ ಹಗುರ ಬೆಂಡು ಕಟ್ಟಿ ಎಸೆದು ಎಳೆಯಬೇಕು. ನೀರಿಗೆ ಇಳಿಯುವುದು ಮಾತ್ರ ಎಂದಿಗೂ ಕೂಡದು. ಕೆರೆಯಲ್ಲಿ ಓಡಿಸುವ ಮುನ್ನ ಅಲ್ಲಿನ ಮೇಲ್ವಿಚಾರಕರ ಅನುಮತಿ ಪಡೆಯಬೇಕು. ನೀರ ಹಕ್ಕಿಗಳಿಂದ ದೂರವಿರಬೇಕು.

ಸೊಸೆಯ ಅಂಜಿಕೆಗೂ ನಮ್ಮಲ್ಲಿ ನಿಯಮವಾಯಿತು. ಚಾರ್ಜು ಮಾಡುವಾಗ ಎದುರಿನಲ್ಲಿ ಒಬ್ಬರು ಕುಳಿತಿರಬೇಕು. ರಾತ್ರಿ ಮಲಗುವಾಗ ಚಾರ್ಜಿಗೆ ಹಾಕಕೂಡದು. ಕೋಶಗಳನ್ನು ಸಮತೋಲನಗೊಳಿಸುವ ಚಾರ್ಜರನ್ನೇ ಬಳಸಬೇಕು. ಉಬ್ಬಿದ ಬ್ಯಾಟರಿಯನ್ನು ಮತ್ತೆ ಉಪಯೋಗಿಸಲಾಗದು.

ಈ ವಿದ್ಯೆ ಆಟಕ್ಕೇ ಮುಗಿಯುವುದೂ ಅಲ್ಲ. 2017ರಲ್ಲಿ ಕೇರಳದ ವೈಕಂ ಬಳಿ ‘ಆದಿತ್ಯ’ ಎಂಬ ಸೌರ ದೋಣಿ 75 ಪ್ರಯಾಣಿಕರನ್ನು ದಾಟಿಸತೊಡಗಿತು. ಒಡಲು, ಪ್ರೊಪೆಲ್ಲರ್, ಮೋಟಾರು, ಬ್ಯಾಟರಿಗಳ ಹೊಂದಾಣಿಕೆಯ ಪ್ರಶ್ನೆಗಳು ಅಲ್ಲಿಯೂ ಇವೇ. ಇಂದು ಅರವತ್ತು ಸೆಂಟಿಮೀಟರಿನಲ್ಲಿ ಲೆಕ್ಕ ಕಲಿತ ಹುಡುಗ ನಾಳೆ ಅಂತಹ ಕೆಲಸಕ್ಕೆ ಕೈಹಾಕಬಾರದೆಂದೇನೂ ಇಲ್ಲ.

ತುಂಗಭದ್ರೆಯ ದಡದ ಚೌಡಯ್ಯದಾನಪುರವನ್ನು ಕಂಡವರಿಗೆ ಅಂಬಿಗರ ಚೌಡಯ್ಯನವರ ನೆನಪು ತಾನಾಗಿ ಬರುತ್ತದೆ. ದೋಣಿ ನಡೆಸುವುದೇ ಆ ಶರಣರ ಕಾಯಕವಾಗಿತ್ತು. ಅಂಬಿಗನ ಹಿರಿಮೆ ಎಷ್ಟು ಬೇಗ ಹುಟ್ಟು ಹಾಕಿದನೆಂಬುದರಲ್ಲಿಲ್ಲ, ನಂಬಿ ಕುಳಿತವರನ್ನು ದಡ ಸೇರಿಸಿದನೇ ಎಂಬುದರಲ್ಲಿದೆ. ಮಕ್ಕಳಿಗೆ ಮೋಟಾರು ಕೊಡಿಸುವ ಹಿರಿಯರೂ ಇದೇ ಅಳತೆಗೋಲನ್ನು ಹಿಡಿಯಬೇಕೆಂಬುದು ನಮ್ಮ ವಿನಮ್ರ ಬಿನ್ನಹ.