ಇಬ್ಬರೂ ಲೂನಾರ್‌ಫಾಲ್‌ನಲ್ಲೇ ಇದ್ವಿ

2014ರ ನವೆಂಬರ್ 13, ಗುರುವಾರ. ಹಿಂದಿನ ರಾತ್ರಿಯೇ ಮ್ಯಾನೇಜರ್‌ಗೆ "ಯಾಕೋ ಹೊಟ್ಟೆನೋವು" ಅಂತ ಮೆಸೇಜ್ ಹಾಕಿಟ್ಟು, ಬೆಳಗಿನ ಜಾವ ನಾಲ್ಕೂವರೆಗೆ ಎದ್ದು ಕಂಪ್ಯೂಟರ್ ಮುಂದೆ ಕೂತಿದ್ದೆ. ಯುರೋಪಿನ ಸರ್ವರ್‌ಗಳಲ್ಲಿ ಮಧ್ಯರಾತ್ರಿ ಆಗೋದೂ ನಮ್ಮ ಬೀದಿಗೆ ಹಾಲಿನ ಗಾಡಿ ಬರೋದೂ ಹೆಚ್ಚುಕಮ್ಮಿ ಒಂದೇ ಹೊತ್ತು. 'ವರ್ಲ್ಡ್ ಆಫ್ ವಾರ್‌ಕ್ರಾಫ್ಟ್' ಆಟದ ಐದನೇ ಎಕ್ಸ್‌ಪ್ಯಾನ್ಷನ್ 'ವಾರ್‌ಲಾರ್ಡ್ಸ್ ಆಫ್ ಡ್ರೇನರ್' ಅವತ್ತು ಬಿಡುಗಡೆ. ಲಾಗಿನ್ ಒತ್ತಿದರೆ ಉದ್ದಾನುದ್ದ ಕ್ಯೂ. ತಿರುಪತಿಯಲ್ಲಿ ಧರ್ಮದರ್ಶನಕ್ಕೆ ನಿಂತವರ ಹಾಗೆ ಕಾದೆ. ಒಳಗೆ ಬಿಟ್ಟರು ಅನ್ನುವಷ್ಟರಲ್ಲಿ ಮತ್ತೆ ಹೊರಗೆ ದಬ್ಬಿತು. ಏಳು ಗಂಟೆಗೆ ಎದ್ದು ಬಂದ ಹೆಂಡತಿ ಬಾಗಿಲಲ್ಲಿ ನಿಂತು ನೋಡಿ, "ಹೊಟ್ಟೆನೋವು ಹೇಗಿದೆ?" ಅಂದಳು. ಅಷ್ಟೇ ಅಂದಿದ್ದು.

ಆಟ ಆಡದವರಿಗೆ ಒಂದೆರಡು ಮಾತು. ಇದು 2004ರಲ್ಲಿ ಶುರುವಾದ ಆಟ. ಮಾಂತ್ರಿಕರು, ಓರ್ಕ್‌ಗಳು, ಡ್ರ್ಯಾಗನ್‌ಗಳು ಇರುವ ದೊಡ್ಡ ಪ್ರಪಂಚ. ಅದರೊಳಗೆ ಲಕ್ಷಾಂತರ ಜನ ಒಟ್ಟಿಗೆ ಓಡಾಡುತ್ತಾರೆ. ಎರಡು ವರ್ಷಕ್ಕೊಮ್ಮೆ ಒಂದು ಎಕ್ಸ್‌ಪ್ಯಾನ್ಷನ್, ಅಂದರೆ ಹೊಸ ಭೂಖಂಡ, ಹೊಸ ಕಥೆ, ಹೊಸ ರಾಕ್ಷಸರು. ಅದನ್ನು ದುಡ್ಡು ಕೊಟ್ಟು ಕೊಳ್ಳಬೇಕು, ಮೇಲೆ ತಿಂಗಳ ಬಾಡಿಗೆ ಬೇರೆ. ನಾನು ಕಟ್ಟುತ್ತಿದ್ದದ್ದು 12.99 ಯೂರೋ, ಆಗಿನ ಲೆಕ್ಕಕ್ಕೆ ಹತ್ತಿರ ಹತ್ತಿರ ಸಾವಿರ ರೂಪಾಯಿ. ಮನೆಯಲ್ಲಿ ಇದನ್ನು 'ಇಂಟರ್ನೆಟ್ ಬಿಲ್ಲು' ಅಂತ ಕರೆಯುತ್ತಿದ್ದೆ.

ನನಗೆ ಈ ಹುಚ್ಚು ಹಿಡಿಸಿದವನು ನನ್ನ ರೂಮ್‌ಮೇಟ್. ಹಾಸನದಲ್ಲಿ ಎಂಜಿನಿಯರಿಂಗ್ ಮುಗಿಸಿ ಇಬ್ಬರೂ ವಿಜಯನಗರದಲ್ಲಿ ಒಂದು ರೂಮು ಮಾಡಿಕೊಂಡಿದ್ದೆವು. 2009. ಒಂದೇ ಬಿಎಸ್‌ಎನ್‌ಎಲ್ ಲೈನು, ಎರಡು ಸೆಕೆಂಡ್‌ಹ್ಯಾಂಡ್ ಕಂಪ್ಯೂಟರು. ಅವನ ಪಾತ್ರ ಗುರಾಣಿ ಹಿಡಿದು ಮುಂದೆ ನಿಂತು ಏಟು ತಿನ್ನೋದು, ನನ್ನದು ಹಿಂದೆ ನಿಂತು ಅವನಿಗೆ ಜೀವ ತುಂಬೋದು. ಕರೆಂಟ್ ಹೋದರೆ ಇಬ್ಬರೂ ಒಟ್ಟಿಗೆ ಸಾಯುತ್ತಿದ್ದೆವು. 2011ರಲ್ಲಿ ಅವನು ಡಬ್ಲಿನ್‌ಗೆ ಹೋದ. ಫೋನ್ ಮಾಡಿ ಮಾತಾಡುವ ಅಭ್ಯಾಸ ನಮಗಿರಲಿಲ್ಲ. ಗಂಡಸರು ಫೋನಿನಲ್ಲಿ ಏನು ಮಾತಾಡೋದು, "ಊಟ ಆಯ್ತಾ" ಅಂತಾನಾ? ಆದರೆ ವಾರಕ್ಕೆರಡು ರಾತ್ರಿ ರೇಡ್ ಇರುತ್ತಿತ್ತು. ಚಳಿಗಾಲದಲ್ಲಿ ಅವನಿಗೆ ಸಂಜೆ ಏಳು, ನನಗೆ ಮಧ್ಯರಾತ್ರಿ ಹನ್ನೆರಡೂವರೆ. ಹೆಡ್‌ಫೋನ್ ಹಾಕಿಕೊಂಡು ರಾಕ್ಷಸನನ್ನು ಹೊಡೆಯುವ ಮಧ್ಯದಲ್ಲಿ, ಎಲ್ಲರೂ ಸತ್ತು ಮತ್ತೆ ಓಡಿ ಬರುವ ಆ ಎರಡು ನಿಮಿಷಗಳಲ್ಲಿ, ಅವನ ಮದುವೆ ಮಾತುಕತೆ, ನನ್ನ ಹೋಮ್ ಲೋನು, ಅವರಪ್ಪನ ಸಕ್ಕರೆ ಕಾಯಿಲೆ, ಎಲ್ಲಾ ಬಂದುಹೋಗುತ್ತಿತ್ತು.

ಹಾಗಾಗಿ ಡ್ರೇನರ್ ಅಂದಾಗ ನಮಗೆ ಒಂದು ಕೈ ಹೆಚ್ಚೇ ಆಸೆ. ಡ್ರೇನರ್ ಅನ್ನೋದು ಓರ್ಕ್‌ಗಳ ತಾಯ್ನಾಡು. 2007ರ ಎಕ್ಸ್‌ಪ್ಯಾನ್ಷನ್‌ನಲ್ಲಿ ಅದರ ಅವಶೇಷ ಮಾತ್ರ ನೋಡಿದ್ದು, ಒಡೆದು ಚೂರಾಗಿ ಆಕಾಶದಲ್ಲಿ ತೇಲುವ ನೆಲ. ಈಗ ಕಾಲದಲ್ಲಿ ಹಿಂದಕ್ಕೆ ಹೋಗಿ, ಒಡೆಯುವ ಮುಂಚಿನ ಡ್ರೇನರ್ ತೋರಿಸುತ್ತೇವೆ ಅಂದಿದ್ದರು. ಆ ಹಾಳು ನೆಲದಲ್ಲಿ 'ಬ್ಲ್ಯಾಕ್ ಟೆಂಪಲ್' ಅಂತ ಒಂದು ಕೆಟ್ಟುಹೋದ ದೇವಾಲಯ ಇತ್ತು. ವಿಜಯನಗರದ ರೂಮಿನಿಂದ ನಾವಿಬ್ಬರೂ ಎಷ್ಟೋ ಭಾನುವಾರ ಅದರೊಳಗೆ ನುಗ್ಗಿದ್ದೇವೆ. ಅದು ಕೆಡುವ ಮುಂಚಿನ ರೂಪ ಕಾರಾಬೋರ್. ಕಾರಾಬೋರೇ ನಮ್ಮ ಪಕ್ಷದ ರಾಜಧಾನಿ ಆಗುತ್ತದೆ ಅಂತ 2013ರಲ್ಲಿ ಘೋಷಣೆ ಆಗಿತ್ತು. ಹಂಪಿಯನ್ನು ಹಾಳಾಗಿ ಮಾತ್ರ ನೋಡಿದವನಿಗೆ, ಬಾ, ಬಜಾರು ತುಂಬಿರೋವಾಗ ಕರ್ಕೊಂಡು ಹೋಗ್ತೀವಿ ಅಂದ ಹಾಗೆ.

ಆಗಲಿಲ್ಲ. ಬಿಡುಗಡೆಗೆ ಮುಂಚೆಯೇ ಆ ಯೋಜನೆ ಕೈಬಿಟ್ಟರು. ಕಾರಾಬೋರ್ ಇತ್ತು; ಬೆಳ್ಳಗೆ, ಸಮುದ್ರದ ಪಕ್ಕ, ಕಣ್ಣಿಗೆ ಹಬ್ಬ. ಆದರೆ ಊರಲ್ಲ. ರಾಜಧಾನಿಯ ಬದಲು ಅಶ್ರಾನ್ ಅನ್ನೋ ದ್ವೀಪದ ಮೂಲೆಯಲ್ಲಿ ಒಂದು ಸಣ್ಣ ಠಾಣೆ ಕೊಟ್ಟರು. ಫರಾಲೋನ್ ಅಂತ ಒಂದಿಡೀ ಪ್ರಾಂತ್ಯ ಬರಬೇಕಿತ್ತು, ಅದೂ ಬರಲಿಲ್ಲ. ನಾವಿಬ್ಬರೂ ಮೊದಲ ವಾರ ಕಾರಾಬೋರ್‌ನ ಮೆಟ್ಟಿಲ ಮೇಲೆ ಪಾತ್ರಗಳನ್ನು ಕೂರಿಸಿಕೊಂಡು ಸ್ವಲ್ಪ ಹೊತ್ತು ಸುಮ್ಮನಿದ್ದೆವು. "ಚೆನ್ನಾಗಿದೆ ಕಣೋ," ಅಂದ ಅವನು. "ಯಾರೂ ಇಲ್ಲ ಅಷ್ಟೇ."

ಅನ್ಯಾಯವಾಗಿ ಬೈಯಬಾರದು. ಮೊದಲ ಎರಡು ಮೂರು ವಾರ ನಿಜಕ್ಕೂ ಅದ್ಭುತ. ಲೆವೆಲ್ 90ರಿಂದ 100ರವರೆಗಿನ ದಾರಿಯಲ್ಲಿ ಬರುವ ಕಥೆಗಳನ್ನು ಈಗಲೂ ಜನ ನೆನೆಸಿಕೊಳ್ಳುತ್ತಾರೆ. ಹೈಮಾಲ್, ಬ್ಲ್ಯಾಕ್‌ರಾಕ್ ಫೌಂಡ್ರಿ ರೇಡ್‌ಗಳನ್ನಂತೂ ಈ ಆಟದ ಒಳ್ಳೆಯ ರೇಡ್‌ಗಳ ಸಾಲಿನಲ್ಲೇ ಇಡುತ್ತಾರೆ. ತೊಂದರೆ ಶುರುವಾದದ್ದು ಲೆವೆಲ್ 100 ಮುಟ್ಟಿದ ಮೇಲೆ.

ಅದಕ್ಕೆ ಕಾರಣ ಗ್ಯಾರಿಸನ್. ಪ್ರತಿಯೊಬ್ಬ ಆಟಗಾರನಿಗೂ ಅವನದೇ ಒಂದು ಕೋಟೆ. ಅದರಲ್ಲಿ ಅವನದೇ ಗಣಿ, ಗಿಡಮೂಲಿಕೆಯ ತೋಟ, ಮೀನು ಹಿಡಿಯಲು ಗುಡಿಸಲು, ಬ್ಯಾಂಕು. ಕೆಲಸಕ್ಕೆ ಆಳುಗಳು. ಮೇಜಿನ ಮುಂದೆ ನಿಂತು ಆಳುಗಳನ್ನು ಆ ದಂಡಯಾತ್ರೆಗೆ ಈ ದಂಡಯಾತ್ರೆಗೆ ಅಂತ ಕಳಿಸಿದರೆ ಕೆಲವು ಗಂಟೆ ಬಿಟ್ಟು ಚಿನ್ನ, ಆಯುಧ ಹೊತ್ತು ತರುತ್ತಾರೆ. ಮೊದಲು ಗಣಿಗಾರಿಕೆ ಕಲಿತವನು ಗುಡ್ಡ ಹತ್ತಿ ಅದಿರು ಹುಡುಕಬೇಕಿತ್ತು, ದಾರಿಯಲ್ಲಿ ಯಾರೋ ಸಿಗುತ್ತಿದ್ದರು, ಜಗಳವೋ ಸ್ನೇಹವೋ ಆಗುತ್ತಿತ್ತು. ಈಗ ಗಣಿ ಹಿತ್ತಲಲ್ಲೇ. ಅದರೊಳಗೆ ಅಲ್ಲಲ್ಲಿ ಕಾಫಿ ಲೋಟ ಕೂಡ ಇಟ್ಟಿರುತ್ತಾರೆ, ಕುಡಿದರೆ ನಡಿಗೆ ಚುರುಕಾಗುತ್ತದೆ. ಈ ಕಾಫಿ ಒಂದು ಮಾತ್ರ ನನಗೆ ಮನಸ್ಸಿಗೆ ಹಿಡಿಸಿತ್ತು.

ಆ ಕೋಟೆಯೊಳಗೆ ಬೇರೆ ಯಾರೂ ಕಾಣುವುದಿಲ್ಲ. ಗುಂಪು ಮಾಡಿಕೊಂಡು ಕರೆದರೆ ಬರಬಹುದು, ಆದರೆ ಕರೆಯಲು ಕಾರಣ ಇರಲಿಲ್ಲ. ರಾತ್ರಿ ಲಾಗಿನ್ ಆಗೋದು, ಗಣಿ ಅಗೆಯೋದು, ತೋಟ ಕೊಯ್ಯೋದು, ಆಳುಗಳನ್ನು ಕಳಿಸೋದು, ಮಲಗೋದು. ನಲವತ್ತು ನಿಮಿಷ. ಹೆಂಡತಿ ಒಂದು ದಿನ ಹಿಂದೆ ನಿಂತು ನೋಡಿ, "ಇದೇನು, ನಿಮ್ಮ ಆಫೀಸಿನ ಕೆಲಸವೇ ಅಲ್ವಾ? ಯಾರಿಗೋ ಟಾಸ್ಕ್ ಹಂಚ್ತಾ ಇದೀರಲ್ಲ" ಅಂದಳು. ಆಟ ಮಾಡಿದವರ ಮೇಲೆ ನನಗೆ ಬಂದ ಸಿಟ್ಟಿನಲ್ಲಿ ಅರ್ಧಪಾಲು ಈ ಮಾತಿನದ್ದೇ.

ನಮ್ಮ ಗಿಲ್ಡ್‌ನಲ್ಲಿ ರೇಡ್ ದಿನ ಬಿಟ್ಟು ಉಳಿದ ದಿನ ಮಾತು ನಿಂತಿತು. ಫೆಬ್ರವರಿಯಲ್ಲಿ ರೇಡಿಗೂ ಜನ ಸಾಲದಾಯಿತು. ಅದೇ ತಿಂಗಳು ಬಂದ 6.1 ಪ್ಯಾಚ್‌ನಲ್ಲಿ ಜನರ ಕಣ್ಣಿಗೆ ಬಿದ್ದದ್ದು ಸೆಲ್ಫಿ ಕ್ಯಾಮೆರಾ ಮತ್ತು ಟ್ವಿಟರ್ ಜೋಡಣೆ. ಹೊಟ್ಟೆ ಹಸಿದು ಎಲೆ ಮುಂದೆ ಕೂತವನಿಗೆ ಬೀಸಣಿಗೆ ಕೊಟ್ಟ ಹಾಗಾಯಿತು. ಮೇ ತಿಂಗಳಲ್ಲಿ ಡ್ರೇನರ್‌ನಲ್ಲಿ ಇನ್ನು ಹಾರಾಟ ಇರುವುದೇ ಇಲ್ಲ ಅಂದರು. ಹಾರುವ ವಾಹನಗಳನ್ನು ವರ್ಷಗಟ್ಟಲೆ ಕೂಡಿಟ್ಟಿದ್ದ ಜನ ರೊಚ್ಚಿಗೆದ್ದರು, ಜೂನ್‌ನಲ್ಲಿ ಮಾತು ಹಿಂದಕ್ಕೆ ತಗೊಂಡರು. ಶುರುವಿನಲ್ಲಿ 1 ಕೋಟಿ ದಾಟಿದ್ದ ಚಂದಾದಾರರು 2015ರ ಮಾರ್ಚ್ ಕೊನೆಗೆ 71 ಲಕ್ಷ, ಜೂನ್ ಕೊನೆಗೆ 56 ಲಕ್ಷ. ಆ ವರ್ಷದ ಕೊನೆಯ ಹೊತ್ತಿಗೆ, ಇನ್ನು ಮುಂದೆ ಚಂದಾದಾರರ ಲೆಕ್ಕವನ್ನೇ ಹೇಳುವುದಿಲ್ಲ ಅಂದುಬಿಟ್ಟರು. ಜೂನ್‌ನ 6.2 ಪ್ಯಾಚ್‌ನಲ್ಲಿ ಬಂದ ರೇಡೇ ಕೊನೆಯದು. ಮುಂದಿನ ಎಕ್ಸ್‌ಪ್ಯಾನ್ಷನ್‌ಗೆ 2016ರ ಆಗಸ್ಟ್‌ವರೆಗೆ, ಅಂದರೆ 14 ತಿಂಗಳು, ಹೊಸ ರೇಡ್ ಇಲ್ಲ. ಬಾಡಿಗೆ ಮಾತ್ರ ಅಷ್ಟೇ. ಕಥೆಯೂ ಹಾಗೇ. ಇಡೀ ದಂಡಯಾತ್ರೆ ಯಾರ ಸೈನ್ಯದ ವಿರುದ್ಧವೋ ಆ ಗ್ರಾಮಾಶ್ ಕೊನೆಯಲ್ಲಿ ನಮ್ಮ ಪಕ್ಕದಲ್ಲೇ ಗೆದ್ದವನಂತೆ ನಿಂತಿದ್ದ. ಆಡಿದವರಿಗೆ ಹೊಟ್ಟೆ ಉರಿಯದೆ ಏನು?

ಇದೆಲ್ಲ ಎಲ್ಲರ ದೂರು. ನನ್ನದು ಬೇರೆ.

2015ರ ಮೇ ತಿಂಗಳಲ್ಲಿ ಹಾಸ್ಟೆಲ್‌ನ ಇನ್ನೊಬ್ಬ ಗೆಳೆಯನ ಮದುವೆಗೆ ಹಾಸನಕ್ಕೆ ಹೋಗಿದ್ದೆ. ಡಬ್ಲಿನ್‌ನವನೂ ಬಂದಿದ್ದ. ಊಟದ ಪಂಕ್ತಿಯಲ್ಲಿ ಅವನ ಪಕ್ಕ ಕೂತಿದ್ದ ಅವರಪ್ಪ ಅನ್ನಕ್ಕೆ ಉಪ್ಪಿನಕಾಯಿ ಬೇಡ ಅಂದರು. ಶರ್ಟಿನ ಮೇಲಿನ ಗುಂಡಿ ಬಿಚ್ಚಿತ್ತು, ಎದೆಯ ನಡುವೆ ಉದ್ದಕ್ಕೆ ಹೊಲಿಗೆಯ ಗುರುತು.

"ಅಂಕಲ್, ಯಾವಾಗ ಆಯ್ತು ಇದು?"

"ಜನವರೀಲಪ್ಪ. ಯಾಕೆ, ಇವನು ಹೇಳಲಿಲ್ವಾ?"

ಜನವರಿಯಲ್ಲಿ ಅವನು ಹತ್ತು ದಿನ ಹಾಸನದಲ್ಲಿದ್ದ, ಆಸ್ಪತ್ರೆ ಮನೆ ಅಂತ ಓಡಾಡಿಕೊಂಡು. ನಾನು ಬೆಂಗಳೂರಿನಲ್ಲಿ, ಬಸ್ಸಿನಲ್ಲಿ ನಾಲ್ಕು ಗಂಟೆಯ ದಾರಿ. ಆ ಹತ್ತು ದಿನ ಗೆಳೆಯರ ಪಟ್ಟಿಯಲ್ಲಿ ಅವನ ಹೆಸರು ಮಂಕಾಗಿದ್ದದ್ದು ನನಗೆ ಚೆನ್ನಾಗಿ ನೆನಪಿದೆ. ಗ್ಯಾರಿಸನ್ ಬೋರಾಗಿರಬೇಕು ಅಂದುಕೊಂಡಿದ್ದೆ.

ಕೈತೊಳೆಯುವ ಹತ್ತಿರ ಹಿಡಿದು ಕೇಳಿದೆ. "ಯಾಕೋ ಹೇಳಲಿಲ್ಲ?"

"ಹೇಳೋಣ ಅಂತಾನೇ ಇದ್ದೆ ಮಗಾ. ದಿನಾ ಲಾಗಿನ್ ಆದಾಗ ನಿನ್ನ ಹೆಸರು ನೋಡ್ತಿದ್ದೆ. ಲೂನಾರ್‌ಫಾಲ್ ಅಂತ ತೋರಿಸೋದು. ಏನೋ ಮಾಡ್ತಾ ಇದಾನೆ, ಬಿಡು ಅನ್ನಿಸೋದು."

ಲೂನಾರ್‌ಫಾಲ್ ಅಂದರೆ ನಮ್ಮ ಪಕ್ಷದವರ ಗ್ಯಾರಿಸನ್ನಿನ ಹೆಸರು. ಎಲ್ಲರದಕ್ಕೂ ಅದೇ ಹೆಸರು. ನನ್ನ ಪಟ್ಟಿಯಲ್ಲೂ ಅವನ ಹೆಸರಿನ ಪಕ್ಕ ಅದೇ ಇರುತ್ತಿತ್ತು.

ನಾನು ಅವನಿಗೆ ಬೈಯಲಿಲ್ಲ. ನಾನಾದರೂ ಏನು ಹೇಳಿದ್ದೆ? ಡಿಸೆಂಬರ್‌ನಲ್ಲಿ ನಮ್ಮ ಟೀಮಿನ ಅರ್ಧ ಜನರನ್ನು ಮನೆಗೆ ಕಳಿಸಿದಾಗ, ಮುಂದಿನ ಸರದಿ ನನ್ನದೇ ಅಂತ ತಿಂಗಳುಗಟ್ಟಲೆ ನಿದ್ದೆ ಕೆಟ್ಟಿದ್ದೆ. ಅವನಿಗೆ ಒಂದಕ್ಷರ ಹೇಳಿರಲಿಲ್ಲ. ಅದನ್ನು ಅಲ್ಲೇ, ಬಾಳೆ ಎಲೆ ಬಿಸಾಡೋ ಡ್ರಮ್ಮಿನ ಪಕ್ಕ ನಿಂತು ಹೇಳಿದೆ. "ಥೂ ನಿನ್ನ," ಅಂದ.

ಜುಲೈನಲ್ಲಿ ನನ್ನ ಚಂದಾ ಮುಗಿಯೋ ದಿನ, ಒಂದು ಸಲ ಬಾ ಅಂತ ಮೆಸೇಜ್ ಹಾಕಿದೆ. ಬಂದ. ಎಂಟು ತಿಂಗಳಲ್ಲಿ ಮೊದಲನೇ ಸಲ ಅವನನ್ನು ಗುಂಪಿಗೆ ಸೇರಿಸಿಕೊಂಡು ನನ್ನ ಕೋಟೆಯೊಳಗೆ ಕರೆದೆ. ಗುರಾಣಿ ಹೊತ್ತುಕೊಂಡು ಬಾಗಿಲಲ್ಲಿ ನಿಂತು ಒಂದು ಸುತ್ತು ತಿರುಗಿ ನೋಡಿದ. ಗಣಿ ಆ ಕಡೆ, ತೋಟ ಈ ಕಡೆ, ನಡುವೆ ದೊಡ್ಡ ಮನೆ. ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಟೈಪ್ ಮಾಡಿದ: "ಲೋ, ಇದು ನನ್ನ ಮನೇನೇ ಕಣೋ."

"ಕಾಫಿ ಕುಡಿತೀಯಾ? ಗಣೀಲಿದೆ," ಅಂದೆ.

"ಕೊಡು. ಇವತ್ತು ಅಪ್ಪಂದು ರಿಪೋರ್ಟ್ ಬಂತು, ತಾಳು, ಹೆಡ್‌ಫೋನ್ ಹಾಕ್ಕೊಂಡ್ ಬರ್ತೀನಿ."