ಮೊಳೆಯಿಲ್ಲದ ಗೋಡೆ

ಬೆಕ್ಕು ತನ್ನ ಮರಿಗಳನ್ನು ಏಳು ಮನೆ ತಿರುಗಿಸುತ್ತದಂತೆ. ನಾನು ಅಮ್ಮನನ್ನು ಅದರ ಎರಡರಷ್ಟು ತಿರುಗಿಸಿದೆ. ಹದಿನಾಲ್ಕು ಬಾಡಿಗೆ ಮನೆ. ನನ್ನ ಉದ್ಯೋಗ ಯಾವುದೆಂದರೆ, ವಸತಿ ನೀತಿಯ ತಜ್ಞ. ದೇಶದ ಜನಕ್ಕೆ ಸೂರು ಹೇಗೆ ಸಿಗಬೇಕೆಂದು ಮೂವತ್ತು ವರ್ಷಕ್ಕೂ ಮೇಲೆ ವರದಿ ಬರೆದೆ, ಪತ್ರಿಕೆಗಳಲ್ಲಿ ಲೇಖನ ಬರೆದೆ.

ಈ ಕೆಲಸವನ್ನು ನೆರೆಹೊರೆಗೆ ವಿವರಿಸುವುದು ಅಮ್ಮನ ಪಾಲಿಗೆ ದೊಡ್ಡ ಕಷ್ಟವಾಗಿತ್ತು. ಒಮ್ಮೆ "ಮನೆ ಇಲಾಖೇಲಿದಾನೆ" ಅಂದುಬಿಟ್ಟಳು. ಮಾರನೆಯ ಬೆಳಗ್ಗೆ ಬಾಗಿಲಲ್ಲಿ ಮೂವರು ನಿಂತಿದ್ದರು, "ಒಂದು ಥರ್ಟಿ ಫಾರ್ಟಿ ಸೈಟ್ ಕೊಡಿಸಿ ಸಾರ್" ಅಂತ. ನನ್ನದು ಬರೀ ಬರೆಯುವ ಕೆಲಸವೆಂದು ತಿಳಿದಾಗ ಅವರ ಮುಖದಲ್ಲಿ ಮೂಡಿದ ಅನುಕಂಪವನ್ನು ಯಾವ ಸರ್ಕಾರಿ ಯೋಜನೆಯ ಫಲಾನುಭವಿಯೂ ಪಡೆದಿರಲಿಕ್ಕಿಲ್ಲ.

ರಾಷ್ಟ್ರೀಯ ವಸತಿ ನೀತಿ ಸಂಸತ್ತಿನ ಮುಂದೆ ಬಂದದ್ದು 1988ರಲ್ಲಿ. ಮರುವರ್ಷ ನಾನು ಕೆಲಸಕ್ಕೆ ಸೇರಿದೆ. ನೀತಿಗೆ ಒಪ್ಪಿಗೆ ಸಿಕ್ಕಿದ್ದು 1994ರಲ್ಲಿ. ಅಷ್ಟರೊಳಗೆ ನಾನು ಮೂರು ಮನೆ ಬದಲಿಸಿದ್ದೆ. ಮೂರರಲ್ಲೂ ಓನರುಗಳ ಮೊದಲ ಮಾತು ಒಂದೇ: "ಗೋಡೆಗೆ ಮೊಳೆ ಮಾತ್ರ ಹೊಡೀಬೇಡಿ." ಅಪ್ಪನ ಫೋಟೋ ಟ್ರಂಕಿನ ಮೇಲೆ ಕೂತಿತು. "ನಿಮ್ಮಪ್ಪ ಬದುಕಿದ್ದಾಗಲೂ ಹೀಗೇ ಕಣೋ, ಟ್ರಂಕು ಬಿಚ್ಚೋ ಮೊದಲೇ ವರ್ಗ" ಅಂತ ಅಮ್ಮ ಸಮಾಧಾನ ಮಾಡಿಕೊಂಡಳು. ಮುಂದೆ ಫ್ರಿಜ್ ಬಂತು. ಅಪ್ಪನಿಗೆ ಬಡ್ತಿ ಸಿಕ್ಕಿ ಫ್ರಿಜ್ಜಿನ ಮೇಲೇರಿದ.

ಕರಾರು ಹನ್ನೊಂದೇ ತಿಂಗಳಿಗೆ ಯಾಕೆ ಎಂದು ಅಮ್ಮ ಕೇಳುತ್ತಿದ್ದಳು. ವರ್ಷ ದಾಟಿದರೆ 1908ರ ನೋಂದಣಿ ಕಾಯ್ದೆಯ ಪ್ರಕಾರ ರಿಜಿಸ್ಟರ್ ಮಾಡಿಸಬೇಕು, ಅದಕ್ಕೇ ಒಂದು ತಿಂಗಳು ಕಡಿಮೆ ಎಂದು ವಿವರಿಸಿದೆ. "ಅಂದ್ರೆ ನಮ್ಮನ್ನ ಏಳಿಸೋ ಉಪಾಯವನ್ನ ಬ್ರಿಟಿಷರೇ ಬರೆದಿಟ್ಟು ಹೋದರು ಅನ್ನು" ಎಂದಳು. ಇಷ್ಟು ಚುಟುಕಾಗಿ ಬರೆಯಲು ನನಗೆ ಎಂದೂ ಆಗಲಿಲ್ಲ.

ನಮ್ಮ ರಾಜ್ಯದ ಬಾಡಿಗೆ ಕಾಯ್ದೆ 1999ರದ್ದು. ಬೆಂಗಳೂರಿನಲ್ಲಿ ತಿಂಗಳಿಗೆ 3,500 ರೂಪಾಯಿ ಮೀರಿದ ವಾಸದ ಮನೆ ಅದರ ವ್ಯಾಪ್ತಿಗೇ ಬರುವುದಿಲ್ಲ. ಇವತ್ತು ಆ ದುಡ್ಡಿಗೆ ಮನೆ ಹುಡುಕಿಕೊಂಡು ಹೊರಟರೆ ಬ್ರೋಕರ್ ಮೊದಲು ಕೂರಿಸಿ ನೀರು ಕೊಡುತ್ತಾನೆ. 2021ರ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಅಡ್ವಾನ್ಸ್ ಬೇಡ ಎನ್ನುತ್ತದೆ. ಅದನ್ನು ಹೊಗಳಿ ಉದ್ದನೆಯ ಲೇಖನ ಬರೆದೆ. ಸಂಭಾವನೆಯ ಚೆಕ್ಕು ಬಂದ ವಾರವೇ ಹೊಸ ಓನರಿಗೆ ಹತ್ತು ತಿಂಗಳ ಅಡ್ವಾನ್ಸ್ ಎಣಿಸಿಕೊಟ್ಟೆ. ಆ ಕಾಯ್ದೆಯ ಕೊನೆಯಲ್ಲೊಂದು ಪಟ್ಟಿಯಿದೆ. ಸುಣ್ಣಬಣ್ಣ ಓನರಿನ ಹೊಣೆ, ನಲ್ಲಿಯ ವಾಷರ್ ಬಾಡಿಗೆದಾರನ ಹೊಣೆ, ಹೀಗೆ. ಮೂರು ಸಲ ಓದಿದೆ. ಮೊಳೆಯ ಸುದ್ದಿ ಎಲ್ಲೂ ಇಲ್ಲ.

2012ರಲ್ಲಿ ಕೇಂದ್ರದ ತಾಂತ್ರಿಕ ತಂಡವೊಂದು ದೇಶದ ನಗರಗಳಲ್ಲಿ 1.88 ಕೋಟಿ ಮನೆಗಳ ಕೊರತೆಯಿದೆ ಎಂದು ಲೆಕ್ಕ ಕೊಟ್ಟಿತು. ಅದರಲ್ಲಿ ಸೂರೇ ಇಲ್ಲದ ಕುಟುಂಬಗಳು ಸುಮಾರು 5 ಲಕ್ಷ. 1.5 ಕೋಟಿಯಷ್ಟು ಕುಟುಂಬಗಳದ್ದು ಇಕ್ಕಟ್ಟಿನ ಬದುಕು. ಮನೆಯಲ್ಲಿರುವ ಪ್ರತಿ ದಂಪತಿಗೂ ಬೇರೆ ಕೋಣೆಯಿಲ್ಲದಿದ್ದರೆ ಅದು ಇಕ್ಕಟ್ಟು. ಓದಿ ಒಂದು ಗಳಿಗೆ ಸುಮ್ಮನೆ ಕೂತೆ. ಅಪ್ಪನಿಗೆ ವರ್ಗ ಶುರುವಾಗುವ ಮೊದಲು ನಾನು ಹುಟ್ಟಿ ಬೆಳೆದದ್ದು ಚಾಮರಾಜಪೇಟೆಯ ವಠಾರದ ಒಂದೂವರೆ ಕೋಣೆಯಲ್ಲಿ. ಅಪ್ಪ, ಅಮ್ಮ, ಅಜ್ಜಿ, ನಾವು ಮೂವರು ಮಕ್ಕಳು, ಜೊತೆಗೆ ಕಾಲೇಜಿಗೆಂದು ಬಂದು ಉಳಿದ ಸೋದರಮಾವ. ನಾವು ಕೊರತೆಯ ಲೆಕ್ಕದಲ್ಲಿದ್ದೆವೆಂದು ತಿಳಿಯಲು ನನಗೆ ಅರ್ಧ ಶತಮಾನ ಬೇಕಾಯಿತು. ಅಮ್ಮನಿಗೆ ಹೇಳಿದೆ. "ಇಕ್ಕಟ್ಟು ಇತ್ತು, ನಿಜ. ಆದ್ರೆ ಗೋಡೆ ತುಂಬ ಮೊಳೆ ಇತ್ತಲ್ಲೋ" ಅಂದಳು. ಇತ್ತು. ಅಪ್ಪನ ಕೋಟಿಗೊಂದು, ಪಂಚಾಂಗಕ್ಕೊಂದು, ಅಜ್ಜಿಯ ಜಪದ ಚೀಲಕ್ಕೊಂದು, ಸೋದರಮಾವನ ನಿರುದ್ಯೋಗದ ಅರ್ಜಿಗಳಿಗೊಂದು.

2011ರ ಜನಗಣತಿ ಇನ್ನೊಂದು ತಮಾಷೆ ಹೇಳಿತ್ತು: ನಗರಗಳಲ್ಲಿ 1.1 ಕೋಟಿ ಮನೆ ಬೀಗ ಹಾಕಿಕೊಂಡು ಖಾಲಿ ಬಿದ್ದಿವೆ. ಆ ವಿಷಯದ ಮೇಲೆ ನಾನು ವರದಿ ಬರೆದದ್ದು ಹನ್ನೊಂದನೆಯ ಮನೆಯಲ್ಲಿ, ಹನ್ನೆರಡನೆಯದನ್ನು ಹುಡುಕುತ್ತಾ. ಒಂದು ಕೋಟಿ ಖಾಲಿ ಮನೆ ಕಾಗದದ ಮೇಲೆ ಸಿಕ್ಕವು. ವಿಜಯನಗರದಲ್ಲಿ ಒಂದೂ ಸಿಗಲಿಲ್ಲ. ವರದಿ ಅಚ್ಚಾದ ಮೇಲೆ ಅದರ ದಪ್ಪಕ್ಕೆ ಮೆಚ್ಚಿ ಅಮ್ಮ ಸಾರಿನ ಪಾತ್ರೆಯ ಅಡಿಗೆ ಇಟ್ಟುಕೊಂಡಳು. ನನ್ನ ಬರಹಗಳಲ್ಲಿ ದಿನಾ ಬಳಕೆಯಾದದ್ದು ಅದೊಂದೇ.

ಅಮ್ಮ ಹೋಗಿ ನಾಲ್ಕು ವರ್ಷವಾಯಿತು. ನಾನು ನಿವೃತ್ತನಾಗಿ ಹದಿನೈದನೆಯ ಮನೆಗೆ ಬಂದಿದ್ದೇನೆ. ಈ ಸಲದ ಓನರ್ ಚಿಕ್ಕ ವಯಸ್ಸಿನ ಹುಡುಗಿ. "ಮೊಳೆ ತಾನೇ ಅಂಕಲ್, ಎಷ್ಟು ಬೇಕಾದ್ರೂ ಹೊಡ್ಕೊಳ್ಳಿ" ಎಂದಳು. ಅವತ್ತೇ ಅಂಗಡಿಗೆ ಹೋಗಿ ಸುತ್ತಿಗೆಯನ್ನೂ ಕಾಲು ಕೆಜಿ ಮೊಳೆಯನ್ನೂ ತಂದೆ. ಗೋಡೆ ಕಾಂಕ್ರೀಟಿನದು. ಹೊಡೆದ ಮೊಳೆಯೆಲ್ಲ ಸೊಟ್ಟಗಾಗಿ ಕೆಳಗೆ ಬಿತ್ತು. ಡ್ರಿಲ್ಲಿನವನು ಭಾನುವಾರ ಬರುತ್ತೇನೆ ಅಂದಿದ್ದಾನೆ. ಯಾವ ಭಾನುವಾರ ಎಂದು ಹೇಳಿಲ್ಲ.

ಸದ್ಯಕ್ಕೆ ಫ್ರಿಜ್ಜಿನ ಮೇಲೆ ಅಪ್ಪನ ಪಕ್ಕ ಅಮ್ಮನೂ ಕೂತಿದ್ದಾಳೆ. ಹಾಲಿಗೆಂದು ಬಾಗಿಲು ತೆಗೆದಾಗಲೆಲ್ಲ ಇಬ್ಬರೂ ಒಂದಿಷ್ಟು ಅಲುಗಾಡುತ್ತಾರೆ.